ಪಂಚಾಯತಿ ಓಟು ಹದಿನಾರಕ್ಕೇ ಕೊಡಿ: ಹತ್ತೊಂಬತ್ತು ಶಾಸಕರಿಗೆ ಒಬ್ಬ ಮಾಸ್ತರನ ಪತ್ರ

ಕಲಬುರಗಿ ಜಿಲ್ಲೆಯ ಒಂಬತ್ತು, ಬೀದರಿನ ಆರು, ಯಾದಗಿರಿಯ ನಾಲ್ಕು, ಒಟ್ಟು ಹತ್ತೊಂಬತ್ತು ಕ್ಷೇತ್ರಗಳ ಮಾನ್ಯ ಶಾಸಕರಿಗೆ,

ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರನ ಶರಣು ಶರಣಾರ್ಥಿ.

ಸರಕಾರದ ಸಂಬಳ ತಿನ್ನುವವನು ಇಂಥ ಪತ್ರ ಬರೆಯಬಹುದೇನು ಎಂದು ನಮ್ಮ ಹೆಡ್‌ಮಾಸ್ತರು ಎರಡು ಸಲ ಕೇಳಿದರು. ಇದರಲ್ಲಿ ಯಾವ ಪಕ್ಷದ ಪರವೂ ಇಲ್ಲ, ವಿರೋಧವೂ ಇಲ್ಲ. ನೀವು ಹತ್ತೊಂಬತ್ತು ಮಂದಿಯಲ್ಲಿ ಎಲ್ಲ ಪಕ್ಷದವರೂ ಇದ್ದೀರಿ, ಎಲ್ಲರಿಗೂ ಒಂದೇ ಪತ್ರ. ಊರಿನ ಹೆಸರು, ಪಂಚಾಯತಿಯ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಒಬ್ಬ ಪಿಡಿಒ ಮೇಲೆ ನೋಟೀಸು ಹೋಗಿ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಪಂಚಾಯತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಿತು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಕೂಡಿಸಬೇಕು, ಅವರ ಅಹವಾಲು ಕೇಳಬೇಕು, ಪುಸ್ತಕದಲ್ಲಿ ದಾಖಲು ಮಾಡಬೇಕು. ಅದು ನಿಮಗೆ ಗೊತ್ತಿರುವುದೇ. ಶಾಮಿಯಾನ ಹಾಕಿದ್ದರು. ಫ್ಲೆಕ್ಸಿನಲ್ಲಿ ಮಕ್ಕಳ ಫೋಟೊ ಒಂದೂ ಇರಲಿಲ್ಲ, ದೊಡ್ಡವರದು ಹದಿನಾಲ್ಕು ಇದ್ದವು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತಳು. ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು, ಆದರೆ ನೋಡಲಿಲ್ಲ.

"ಸಾಲಿ ಸಂಡಾಸಕ್ಕ ನೀರಿಲ್ಲರಿ. ಮೋಟರ ಸುಟ್ಟು ಆರು ತಿಂಗಳಾತ್ರಿ. ಹುಡುಗ್ಯಾರು ಊಟದ ಬೆಲ್ಲಿಗೆ ಮನಿಗೆ ಹೋದ್ರ ತಿರುಗಿ ಬರಂಗಿಲ್ಲರಿ. ಮಧ್ಯಾಹ್ನದ ಪಿರೇಡ್ ಗಣಿತಾರಿ."

ಕೊನೆಯ ಆ ಮಾತು ನನಗೆ ಈಗಲೂ ಕಿವಿಯಲ್ಲಿದೆ. ಹುಡುಗಿಯರು ಗಣಿತದಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಎಂದು ನಾವು ಮಾಸ್ತರುಗಳು ತರಬೇತಿಯ ಮೇಲೆ ತರಬೇತಿ ಪಡೆದಿದ್ದೇವೆ. ಸುಟ್ಟ ಮೋಟರಿನ ವಿಷಯ ಯಾವ ತರಬೇತಿಯಲ್ಲೂ ಬಂದಿರಲಿಲ್ಲ. ಪಿಡಿಒ ಸಾಹೇಬರು ಕೆಂಪು ರಟ್ಟಿನ ಪುಸ್ತಕ ತೆಗೆದರು, ಪೆನ್ನು ಮೂಡಲಿಲ್ಲ, ಕೊಡವಿ ಮತ್ತೆ ಬರೆದರು. "ಆಯ್ತಮ್ಮ, ಕ್ರಿಯಾ ಯೋಜನೆಯಲ್ಲಿ ಹಾಕೋಣ" ಎಂದರು. ಚಪ್ಪಾಳೆ ಆಯಿತು. ಒಂದೊಂದು ಬಿಸ್ಕಿಟ್ ಪುಡಾ ಕೊಟ್ಟು ಮಕ್ಕಳನ್ನು ಕಳಿಸಿದರು.

ಮರುವರ್ಷ ಅದೇ ಶಾಮಿಯಾನ, ಅದೇ ಪುಸ್ತಕ. ಎದ್ದು ನಿಂತವಳು ಆ ಹುಡುಗಿಯ ತಂಗಿ, ಒಂಬತ್ತನೇ ಕ್ಲಾಸು.

"ಹೋದ ವರ್ಷ ನಮ್ಮಕ್ಕ ಇದೇ ಕೇಳಿದ್ಳರಿ ಸರ. ಹಿಂದಿನ ಹಾಳಿ ತಿರುವಿ ನೋಡ್ರಿ, ಮತ್ತ ಬರಿಯೂದು ಬ್ಯಾಡ."

ಎಲ್ಲರೂ ನಕ್ಕರು. ಪಿಡಿಒ ನಕ್ಕರು, ಅಧ್ಯಕ್ಷರು ನಕ್ಕರು, ನಾನೂ ನಕ್ಕೆ. ಹುಡುಗಿ ಮಾತ್ರ ನಗಲಿಲ್ಲ.

ಇನ್ನೊಂದು ಪ್ರಸಂಗ ಹೇಳುತ್ತೇನೆ. ಅದಾದ ಹದಿನೈದು ದಿನಕ್ಕೆ ಅಲ್ಲೇ ದೊಡ್ಡವರ ವಾರ್ಡ್ ಸಭೆ ಇತ್ತು. ನಮ್ಮ ಓಣಿಯ ಮುತ್ಯಾ ಒಬ್ಬರು ಎದ್ದೇಳಲೂ ಇಲ್ಲ, ಕೂತಲ್ಲಿಂದಲೇ ಸದಸ್ಯೆಗೆ ಅಂದರು: "ಯವ್ವಾ, ನಮ್ಮ ಮನ್ಯಾಗ ಹನ್ನೊಂದು ಓಟ ಅದಾವ. ಕಂಬದ ಬಲ್ಬ್ ಹೋಗಿ ಎಂಟು ದಿನ ಆತು." ಅಷ್ಟೇ. ಸದಸ್ಯೆಯ ಗಂಡ (ಸಭೆಗೆ ಗಂಡ ಯಾಕೆ ಬರುತ್ತಾನೆ ಎಂಬುದು ಬೇರೆ ಪತ್ರದ ವಿಷಯ) ಅಲ್ಲೇ ಫೋನ್ ಹಚ್ಚಿದ. ಹೊತ್ತು ಮುಳುಗುವಾಗ ನಾನು ಗಾಡಿ ಮೇಲೆ ಮನೆಗೆ ಹೊರಟಿದ್ದೆ. ಕಂಬಕ್ಕೆ ಏಣಿ ಆನಿಸಿ ವಾಟರ್‌ಮ್ಯಾನ್ ಮೇಲೆ ಹತ್ತಿದ್ದ, ಕೆಳಗೆ ಸದಸ್ಯೆಯ ಗಂಡ ಟಾರ್ಚ್ ಹಿಡಿದು ನಿಂತಿದ್ದ. ಬಲ್ಬ್ ಹತ್ತಿತು.

ಆ ಹುಡುಗಿಗೂ ಈ ಮುತ್ಯಾನಿಗೂ ಏನು ಫರಕು? ತಿಳಿವಳಿಕೆಯದಲ್ಲ. ಹುಡುಗಿ ಕಾರಣ, ಪರಿಣಾಮ ಎರಡನ್ನೂ ಹೇಳಿದಳು. ಮುತ್ಯಾ ಬರೀ ಒಂದು ಸಂಖ್ಯೆ ಹೇಳಿದರು. ಫರಕು ಇರುವುದು ಆ ಹನ್ನೊಂದರಲ್ಲಿ.

ನನ್ನ ಬೇಡಿಕೆ ಇಷ್ಟೇ. ಗ್ರಾಮ ಪಂಚಾಯತಿ ಚುನಾವಣೆಯಲ್ಲಿ 16 ತುಂಬಿದವರಿಗೆ ಓಟು ಕೊಡಿ. ಲೋಕಸಭೆ, ವಿಧಾನಸಭೆಯ ಮಾತು ನಾನು ಎತ್ತುತ್ತಿಲ್ಲ. ನಿಲ್ಲುವ ವಯಸ್ಸು ಪಂಚಾಯತಿಗೆ 21 ಇದೆ, ಅದೂ ಹಾಗೇ ಇರಲಿ. ನಿಮ್ಮ ಕುರ್ಚಿಗೆ ಹದಿನಾರರ ಹುಡುಗ ಪೈಪೋಟಿಗೆ ಬರುವುದಿಲ್ಲ, ಧೈರ್ಯವಾಗಿರಿ.

ಪಂಚಾಯತಿಯೇ ಯಾಕೆ ಎಂದರೆ, ಅಲ್ಲಿ ಲೆಕ್ಕ ಸಣ್ಣದು. ನಮ್ಮ ರಾಜ್ಯದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯತಿ ಸದಸ್ಯ. 2020ರ ಡಿಸೆಂಬರ್ ಚುನಾವಣೆಯಲ್ಲಿ ನಾನು ಎಣಿಕೆ ಡ್ಯೂಟಿ ಮಾಡಿದವನು. ಬೀದರ ಜಿಲ್ಲೆಯಲ್ಲಿ ಮಶೀನು ಇತ್ತು, ನಮ್ಮಲ್ಲಿ ಮತಪತ್ರ. ಮಡಿಕೆ ಬಿಚ್ಚಿ, ಠಸ್ಸೆ ಎಲ್ಲಿ ಬಿದ್ದಿದೆ ನೋಡಿ, ಇಪ್ಪತ್ತೈದರ ಕಟ್ಟು ಕಟ್ಟುತ್ತ ರಾತ್ರಿಯಾಯಿತು. ನನ್ನ ಟೇಬಲ್ಲಿನಲ್ಲಿ ಒಬ್ಬ ಮೂರು ಓಟಿನಿಂದ ಗೆದ್ದ. ಸೋತವನು ಮೂರು ಸಲ ಮರುಎಣಿಕೆ ಕೇಳಿದ, ಪಾಪ. ಓಟು ಸರಿಸಮ ಬಂದು ಚೀಟಿ ಎತ್ತಿ ಗೆಲ್ಲಿಸುವುದೂ ಪಂಚಾಯತಿಯಲ್ಲಿ ಅಪರೂಪವಲ್ಲ. ಅಂಥಲ್ಲಿ ಒಬ್ಬ ಸದಸ್ಯನ ಪಾಲಿನ ನಾನೂರು ಜನರಲ್ಲಿ 16, 17 ವಯಸ್ಸಿನವರು ಎಷ್ಟಿದ್ದಾರು? ನನ್ನ ಹಾಜರಿ ಪುಸ್ತಕದ ಅಂದಾಜಿನಲ್ಲಿ ಹತ್ತರಿಂದ ಹದಿನೈದು. ವಿಧಾನಸಭೆಯಲ್ಲಿ ಹತ್ತು ಓಟು ಯಾರೂ ಕೇಳುವುದಿಲ್ಲ. ಪಂಚಾಯತಿಯಲ್ಲಿ ಹತ್ತು ಓಟಿಗೆ ಏಣಿ ಬರುತ್ತದೆ, ಟಾರ್ಚ್ ಹಿಡಿಯುವ ಗಂಡನೂ ಬರುತ್ತಾನೆ.

ಅಷ್ಟಕ್ಕೂ ಆ ಮಕ್ಕಳಿಗೆ ದಿನಾ ಬೇಕಾದದ್ದೆಲ್ಲ ಪಂಚಾಯತಿಯ ಕೈಯಲ್ಲೇ ಇದೆ. ಕುಡಿಯುವ ನೀರು, ಶಾಲೆಗೆ ಹೋಗುವ ದಾರಿಯ ಕೆಸರು, ಬೀದಿ ದೀಪ, ಗ್ರಂಥಾಲಯ. ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಚಂದ ಹೆಸರಿಟ್ಟಿದ್ದೀರಿ. ಅದರ ಬೀಗ ಸಂಜೆ ಎಷ್ಟು ಗಂಟೆಗೆ ಬೀಳುತ್ತದೆ ಎಂಬುದು ಅರವತ್ತು ವರ್ಷದವರಿಗಿಂತ ಹದಿನಾರರವರಿಗೆ ಚೆನ್ನಾಗಿ ಗೊತ್ತು.

ಸಂವಿಧಾನ ಅಡ್ಡ ಬರುತ್ತದೆ ಎನ್ನುವವರಿಗೆ ಒಂದು ಮಾತು. ಹದಿನೆಂಟು ಎಂದು ಹೇಳುವುದು 326ನೇ ವಿಧಿ, ಅದು ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗೆ ಸಂಬಂಧಿಸಿದ್ದು. ಪಂಚಾಯತಿ ಚುನಾವಣೆಯ ವಿಷಯಗಳಲ್ಲಿ ಕಾನೂನು ಮಾಡುವ ಅಧಿಕಾರವನ್ನು 243ಕೆ ವಿಧಿ ರಾಜ್ಯದ ಶಾಸನ ಸಭೆಗೆ ಕೊಟ್ಟಿದೆ. ಅಂದರೆ ನಿಮಗೆ. ಈಗ ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಇಟ್ಟುಕೊಂಡು ಪಂಚಾಯತಿ ಪಟ್ಟಿ ಮಾಡುತ್ತಾರೆ, ಹಾಗಾಗಿ ಅಲ್ಲೂ ಹದಿನೆಂಟೇ ನಡೆದುಕೊಂಡು ಬಂದಿದೆ. 1993ರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಹದಿನಾರು, ಹದಿನೇಳರವರಿಗೆ ಒಂದು ಪೂರಕ ಪಟ್ಟಿ ಮಾಡಿಸಿ. ಹೆಸರು, ತಂದೆ ಹೆಸರು, ಹುಟ್ಟಿದ ದಿನಾಂಕ, ಶಾಲೆಗೆ ಬರುವ ಪ್ರತಿಯೊಂದು ಮಗುವಿನದೂ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಈಗಾಗಲೇ ಕೂತಿದೆ. ಶಾಲೆ ಬಿಟ್ಟವರನ್ನು ಹುಡುಕಬೇಕು, ನಿಜ. ಅವರನ್ನು ಹೇಗಿದ್ದರೂ ಹುಡುಕಬೇಕಾದದ್ದೇ.

ಇದರಲ್ಲಿ ಹೊಸತೇನೂ ಇಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಿಂದ. 1988ರ ಡಿಸೆಂಬರಿನಲ್ಲಿ ಸಂಸತ್ತು ಪಾಸು ಮಾಡಿತು, 1989ರ ಮಾರ್ಚ್ 28ರಿಂದ ಜಾರಿಗೆ ಬಂತು. ಆ ಮಸೂದೆಯ ಉದ್ದೇಶಗಳ ಹೇಳಿಕೆಯಲ್ಲೇ ಒಂದು ಸಾಲಿದೆ: ಕೆಲವು ರಾಜ್ಯ ಸರಕಾರಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಆಗಲೇ ಹದಿನೆಂಟು ಮಾಡಿಕೊಂಡಿವೆ ಎಂದು. ಅಂದರೆ ಹೊಲದ ಬದುವಿನಿಂದ ಶುರುವಾದದ್ದು ಆಮೇಲೆ ದಿಲ್ಲಿಗೆ ಹೋಯಿತು. ಹೊರದೇಶದಲ್ಲೂ ಹೀಗೇ. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯ 1990ರ ದಶಕದಲ್ಲೇ ಊರು ಮಟ್ಟದ ಚುನಾವಣೆಗೆ ಹದಿನಾರು ಮಾಡಿತ್ತು; 2024ರ ಯುರೋಪ್ ಸಂಸತ್ತಿನ ಚುನಾವಣೆಯಲ್ಲಿ ಇಡೀ ಜರ್ಮನಿಯ ಹದಿನಾರರವರು ಓಟು ಹಾಕಿದರು. ಎಸ್ಟೋನಿಯಾ 2017ರಿಂದ ಸ್ಥಳೀಯ ಚುನಾವಣೆಗೆ ಮಾತ್ರ ಹದಿನಾರು ಇಟ್ಟುಕೊಂಡಿದೆ. ಆಸ್ಟ್ರಿಯಾ 2007ರಲ್ಲಿ ಎಲ್ಲ ಚುನಾವಣೆಗೂ ಕೊಟ್ಟಿತು, ಬ್ರೆಜಿಲ್ 1988ರಲ್ಲೇ ಕೊಟ್ಟಿತು. ಅನುಭವ ಮಂಟಪದ ಉದಾಹರಣೆ ನಾನು ಕೊಡುವುದಿಲ್ಲ. ಬಸವಕಲ್ಯಾಣವನ್ನು ಭಾಷಣದಲ್ಲಿ ಬಳಸಿ ಬಳಸಿ ನಾವೆಲ್ಲ ಸವೆಸಿದ್ದೇವೆ.

1989ರಲ್ಲಿ ನನಗೆ ಹತ್ತೊಂಬತ್ತು, ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದೆ. ಆ ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ಓಟು ಹಾಕಲು ಊರಿಗೆ ಬಂದಾಗ ನಮ್ಮ ಕಾಕಾ ಕಟ್ಟೆ ಮೇಲೆ ಕೂತು ಹಂಗಿಸಿದ್ದು ನೆನಪಿದೆ: "ಮೀಸಿ ಮೂಡದ ಹುಡುಗ್ರಿಗೆ ಓಟ ಕೊಟ್ಟಾರ, ಇನ್ನ ದೇಶ ಉದ್ಧಾರ ಆತು ಬಿಡು." ಅದೇ ಕಾಕಾ ಮುಂಜಾನೆ ನನ್ನನ್ನು ಬೂತಿಗೆ ಕರೆದುಕೊಂಡು ಹೋಗುತ್ತ ಯಾವ ಗುರುತಿಗೆ ಒತ್ತಬೇಕು ಎಂದು ಹೇಳಿಕೊಟ್ಟರು. ನಾನು ಅದಕ್ಕೇ ಒತ್ತಿದೆ. ಈ ಮಾತು ಇಷ್ಟು ವರ್ಷ ಯಾರ ಮುಂದೂ ಹೇಳಿರಲಿಲ್ಲ, ಪ್ರಜಾಪ್ರಭುತ್ವದ ಪಾಠ ಮಾಡುವಾಗಂತೂ ಹೇಳಿಲ್ಲ. ಮುಂದಿನ ಸಲ ಕಾಕಾ ಹೇಳಿದ್ದಕ್ಕೆ ಒತ್ತಲಿಲ್ಲ. ಅದನ್ನೂ ಅವರಿಗೆ ಹೇಳಲಿಲ್ಲ.

ಹಾಗಾಗಿ "ಹುಡುಗರು ಅಪ್ಪ ಹೇಳಿದಂಗ ಹಾಕ್ತಾರ" ಎಂಬ ಆಕ್ಷೇಪಣೆ ಬಂದರೆ ನಾನು ಇಲ್ಲ ಅನ್ನುವುದಿಲ್ಲ. ಹಾಕುತ್ತಾರೆ, ಒಂದು ಸಲ. ಸೊಸೆಯಂದಿರ ಬಗ್ಗೆಯೂ ಇದೇ ಮಾತು ಆಡುತ್ತಿದ್ದರು, ಈಗಲೂ ಆಡುತ್ತಾರೆ. 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದರು. ಅಂಥ ಸುಮಾರು 28 ಲಕ್ಷ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಅವರಿಗೆ ತಿಳಿವಳಿಕೆ ಬರಲಿ, ಆಮೇಲೆ ಓಟು ಕೊಡೋಣ ಎಂದು ಯಾರೂ ಕಾಯಲಿಲ್ಲ. ಹೆಸರು ಹೇಳುವುದನ್ನು ಓಟೇ ಕಲಿಸಿತು. ನಿಜಾಮನ ಆಳ್ವಿಕೆಯಲ್ಲಿ ಹುಟ್ಟಿದ ನಮ್ಮ ಮನೆಯ ಮುತ್ಯಾ ಮೊದಲ ಸಲ ಓಟು ಹಾಕಿದ್ದು 1952ರಲ್ಲಿ. ಹೆಬ್ಬೆಟ್ಟಿನವರು. ಅವರಿಗೂ ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

ವಯಸ್ಸಿನ ವಿಷಯದಲ್ಲಿ ನಾವು ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕ ನೋಡಬೇಕು ನೀವು. ಪುಟಕ್ಕೆ ಪುಟ ಜೂನ್ 1. ಮನೆಯವರು "ದಸರಾದಾಗ ಹುಟ್ಯಾನ್ರಿ", "ದೊಡ್ಡ ಮಳಿ ಬಂದ ವರ್ಷ" ಎನ್ನುತ್ತಿದ್ದರು, ಹೆಡ್‌ಮಾಸ್ತರು ಮುಖ ನೋಡಿ ಜೂನ್ 1 ಎಂದು ಜಡಿಯುತ್ತಿದ್ದರು. ನನ್ನದೂ ಜೂನ್ 1. ನಮ್ಮ ಸ್ಟಾಫ್‌ರೂಮಿನಲ್ಲಿ ನಾಲ್ವರು ಒಂದೇ ದಿನ ಹುಟ್ಟಿದವರಿದ್ದೇವೆ, ಕೇಕ್ ಒಂದರಲ್ಲೇ ಮುಗಿಯುತ್ತದೆ. ಇಂಥ ಅಂದಾಜಿನ ಮೇಲೆ ನಿಂತ ಹದಿನೆಂಟನ್ನು ಕಲ್ಲಿನ ಮೇಲಿನ ಗೆರೆ ಎಂಬಂತೆ ಕಾಯುತ್ತೇವಲ್ಲ, ಅದು ನನಗೆ ನಗು ತರಿಸುತ್ತದೆ.

ಕಾನೂನಿಗೇ ಹದಿನೆಂಟು ಒಂದೇ ಗೆರೆಯಲ್ಲ. 14 ದಾಟಿದ ಹುಡುಗ ಅಪಾಯಕಾರಿಯಲ್ಲದ ಕೆಲಸಕ್ಕೆ ಹೋಗಬಹುದು ಎಂದು 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತದೆ. 16 ದಾಟಿದವನು ಘೋರ ಅಪರಾಧ ಮಾಡಿದರೆ, ಅವನಿಗೆ ಅದರ ಪರಿಣಾಮ ತಿಳಿಯುತ್ತಿತ್ತೇ ಎಂದು ಬಾಲ ನ್ಯಾಯ ಮಂಡಳಿ ಪರಿಶೀಲಿಸಿ, ದೊಡ್ಡವರಂತೆ ವಿಚಾರಣೆಗೆ ಕಳಿಸಲು 2015ರ ಬಾಲ ನ್ಯಾಯ ಕಾಯ್ದೆ ದಾರಿ ಬಿಟ್ಟಿದೆ. ದುಡಿಯಲು ಬುದ್ಧಿ ಬಂದಿದೆ, ಜೈಲಿಗೆ ಬುದ್ಧಿ ಬಂದಿರಬಹುದು. ಊರ ನಲ್ಲಿಯ ಬಗ್ಗೆ ಮಾತ್ರ ಬಂದಿಲ್ಲ.

ನಮ್ಮ ಭಾಗದ ಹುಡುಗರು ಹದಿನಾರಕ್ಕೆ ಏನೇನು ಮಾಡುತ್ತಾರೆ ಎಂಬುದು ನಿಮಗೂ ಗೊತ್ತು. ಹತ್ತಿ ಬಿಡಿಸುವ ಕಾಲಕ್ಕೆ ನನ್ನ ಕ್ಲಾಸು ಅರ್ಧ ಖಾಲಿ. ಮುಂಜಾನೆ ಆರಕ್ಕೆ ಟಂಟಂನಲ್ಲಿ ತುಂಬಿಕೊಂಡು ಹೋಗುತ್ತಾರೆ, ಹಿಂದೆ ಕಂಬಿ ಹಿಡಿದು ನಿಂತವರಲ್ಲಿ ನನ್ನ ವಿದ್ಯಾರ್ಥಿಗಳೂ ಇರುತ್ತಾರೆ. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸುತ್ತಾರೆ. ಕೂಲಿ ಕೆಜಿ ಲೆಕ್ಕ. ಗುಂಪಿನ ಯಜಮಾನಿ ತೂಕದಲ್ಲಿ ಎಷ್ಟು ಹೊಡೆಯುತ್ತಾಳೆ ಎಂಬುದನ್ನು ಒಂಬತ್ತನೇ ಕ್ಲಾಸಿನ ಹುಡುಗಿ ನನಗೆ ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದ್ದಾಳೆ. ಮಧ್ಯಾಹ್ನದ ಗಣಿತದ ಪಿರೇಡಿಗೆ ಬರದ ಹುಡುಗಿಯರಲ್ಲಿ ಅವಳೂ ಒಬ್ಬಳು.

ನನಗೆ ನಿಜವಾಗಿ ಹದಿನಾರೇ ಬೇಕು ಎನಿಸಿದ್ದು ಗುಳೆಯ ಕಾರಣಕ್ಕೆ. ಹದಿನಾರಕ್ಕೆ ನಮ್ಮ ಹುಡುಗರು ಊರಲ್ಲಿರುತ್ತಾರೆ. ಹದಿನೆಂಟಕ್ಕೆ ಇರುವುದಿಲ್ಲ. ಹತ್ತನೇ ಕ್ಲಾಸು ಪಾಸೋ ನಪಾಸೋ, ಪಿಯುಸಿ ಮುಗಿಯಿತೋ ಇಲ್ಲವೋ, ಬೆಂಗಳೂರು, ಪುಣೆ, ಹೈದರಾಬಾದ್, ಮುಂಬೈ. ಸೆಂಟ್ರಿಂಗ್ ಕೆಲಸ, ಗಾರೆ ಕೆಲಸ. ಮತದಾರರ ಪಟ್ಟಿಗೆ ಅವರ ಹೆಸರು ಸೇರಿಸುವವರು ಮನೆಯವರಲ್ಲ, ಬೂತಿನ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೂಡ ಅಲ್ಲ. ಚುನಾವಣೆ ಹತ್ತಿರ ಬಂದಾಗ ಯಾರೋ ಒಬ್ಬ ಅಭ್ಯರ್ಥಿಯ ಕಡೆಯವನು ಸೇರಿಸುತ್ತಾನೆ. ಮತದಾನದ ಹಿಂದಿನ ರಾತ್ರಿ ಅವರನ್ನು ಕರೆತರಲು ಕ್ರೂಸರ್ ಹೋಗುತ್ತದೆ. ಬರುವ ದಾರಿಯಲ್ಲಿ ಧಾಬಾ ಊಟ, ಕೈಗೆ ಐದು ನೂರು. ಓಟು ಹಾಕಿ ಅದೇ ಕ್ರೂಸರಿನಲ್ಲಿ ವಾಪಸ್. ಒಬ್ಬ ಹುಡುಗನ ಬದುಕಿನ ಮೊದಲ ಓಟು ಹೀಗೆ ಶುರುವಾದರೆ ಮುಂದಿನವೂ ಹಾಗೇ ಹೋಗುತ್ತವೆ. ಓಟು ಅಂದರೆ ಒಂದು ದಿನದ ಪಗಾರ ಎಂದೇ ಅವನು ಕಲಿತಿರುತ್ತಾನೆ.

ಅದೇ ಹುಡುಗ ಹದಿನಾರಕ್ಕೆ ನನ್ನ ಮುಂದೆ ಬೆಂಚಿನ ಮೇಲಿರುತ್ತಾನೆ. ಗ್ರಾಮ ಪಂಚಾಯತಿಯ ಪಾಠ ನಾನು ಹೇಗಿದ್ದರೂ ಮಾಡಬೇಕು. ಆ ಪಾಠದ ಮರುತಿಂಗಳು ಅವನು ನಡೆದುಕೊಂಡು ಹೋಗಿ, ತನ್ನದೇ ಓಣಿಯ, ತಾನು ಹುಟ್ಟಿದಾಗಿನಿಂದ ನೋಡಿದ ಇಬ್ಬರಲ್ಲಿ ಒಬ್ಬರಿಗೆ ಠಸ್ಸೆ ಒತ್ತಿದರೆ? ಕ್ರೂಸರ್ ಬೇಕಾಗಿಲ್ಲ. ಐದು ನೂರು ಕೊಡಲು ಬಂದರೂ ಬರಲಿ. ಮೊದಲ ಸಲ ಅವನು ಮನೆಯ ಅಂಗಳದಲ್ಲಿ ನಿಂತು ಅದನ್ನು ನಿರಾಕರಿಸಬಹುದು. ಇಸಿದುಕೊಂಡರೆ ಮರುದಿನ ನನ್ನ ಕ್ಲಾಸಿಗೆ ಬಂದು ಕೂರಲೇಬೇಕು.

ಶಾಲೆಯೊಳಗೆ ರಾಜಕೀಯ ಬರುತ್ತದೆ ಎಂಬ ಭಯ ನನಗೂ ಇದೆ. ನಮ್ಮ ಹಳ್ಳಿಗಳಲ್ಲಿ ಪಾರ್ಟಿ ಎಂದರೆ ಏನು, ಒಂದು ಚುನಾವಣೆಯ ಸಿಟ್ಟು ಎಷ್ಟು ವರ್ಷ ಬಾವಿ ಕಟ್ಟೆಯಲ್ಲಿ ಉಳಿಯುತ್ತದೆ ಎಂಬುದು ಬೆಂಗಳೂರಿನವರಿಗೆ ತಿಳಿಯದಿದ್ದರೂ ನಿಮಗೆ ತಿಳಿದಿದೆ. ಸದಸ್ಯ ಸ್ಥಾನವನ್ನು ಗುಡಿಯ ಮುಂದೆ ಹರಾಜು ಹಾಕಿದ ಸುದ್ದಿಗಳನ್ನು ಓದಿದ್ದೇವೆ. ಎರಡು ಪಾರ್ಟಿಯ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರದೆ ಹೋಗುವ ದಿನ ಬರಬಹುದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆದರೆ ಮಕ್ಕಳು ಈಗ ರಾಜಕೀಯದಿಂದ ದೂರ ಇದ್ದಾರೆ ಎಂದು ಯಾರೂ ನನಗೆ ಹೇಳಬೇಡಿ. ಬೈಕ್ ರ‍್ಯಾಲಿಯಲ್ಲಿ ಬಾವುಟ ಹಿಡಿದು ಹಿಂದೆ ಕೂತವರು ಯಾರು? ಗೋಡೆಗೆ ಪೋಸ್ಟರ್ ಹಚ್ಚಿದವರು, ನಿಮ್ಮ ಹುಟ್ಟುಹಬ್ಬಕ್ಕೆ ವಾಟ್ಸಾಪ್ ಸ್ಟೇಟಸ್ ಇಟ್ಟವರು ಯಾರು? ಪ್ರಚಾರಕ್ಕೆ ಮಕ್ಕಳನ್ನು ಬಳಸಬಾರದು ಎಂದು 2024ರ ಲೋಕಸಭಾ ಚುನಾವಣೆಗೆ ಮುಂಚೆ ಚುನಾವಣಾ ಆಯೋಗ ಕಟ್ಟುನಿಟ್ಟಾಗಿ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಓಟು ಹಾಕುವುದೊಂದನ್ನು ಬಿಟ್ಟು ಚುನಾವಣೆಯ ಉಳಿದ ಕೆಲಸವೆಲ್ಲ ಅವರಿಂದ ಮಾಡಿಸಿಕೊಳ್ಳುತ್ತಿದ್ದೇವೆ.

ಹುಡುಗಿಯರ ವಿಷಯದಲ್ಲಿ ನನಗೆ ಇನ್ನೊಂದು ಆಸೆಯಿದೆ. ಒಂಬತ್ತನೇ ಕ್ಲಾಸಿನ ದಸರೆ ರಜೆಗೆ ಹೋದ ಹುಡುಗಿ ತಿರುಗಿ ಬರಲಿಲ್ಲವೆಂದರೆ ನಾವು ಮಾಸ್ತರುಗಳು ಕೇಳುತ್ತೇವೆ, "ಆಯಿ ಮನಿಗಿ ಹೋಗ್ಯಾಳ್ರಿ" ಎನ್ನುತ್ತಾರೆ. ಆಯಿ ಮನೆ ಎಂದರೆ ಏನೆಂದು ಊರಿಗೆಲ್ಲ ಗೊತ್ತು. ಅಲ್ಲಿಂದ ಬರುವಾಗ ಕೊರಳಲ್ಲಿ ತಾಳಿ ಇರುತ್ತದೆ. ಹದಿನಾರು ತುಂಬಿದ ಹುಡುಗಿಯ ಹೆಸರು ಪಂಚಾಯತಿ ಗೋಡೆಯ ಪಟ್ಟಿಯಲ್ಲಿ ಇದ್ದರೆ, ಪಟ್ಟಿ ಹಿಡಿದು ಮನೆಗೆ ಬಂದವರು ಈ ಹುಡುಗಿ ಎಲ್ಲಿ ಎಂದು ಕೇಳಲೇಬೇಕು. ಎದುರು ಪಾರ್ಟಿಯವನೂ ಕೇಳುತ್ತಾನೆ, ಅವನಿಗೆ ಒಂದು ಓಟಿನ ಚಿಂತೆ. ಕೆಟ್ಟ ಕಾರಣಕ್ಕೇ ಕೇಳಲಿ, ಯಾರಾದರೂ ಕೇಳಲಿ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೆ ಕೊನೆ, ಶೇ 50.59. ಮರುವರ್ಷ ಕಲಬುರಗಿ ಕೊನೆ, ಶೇ 42.43. ಪ್ರತಿ ಮೇ ತಿಂಗಳು ಟಿವಿಯವರು ನಿಮ್ಮನ್ನು ಕೇಳುತ್ತಾರೆ, ಅಧಿಕಾರಿಗಳನ್ನು ಕೇಳುತ್ತಾರೆ, ನಮ್ಮನ್ನು ಬಯ್ಯುತ್ತಾರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂತು, ಅಭಿವೃದ್ಧಿ ಮಂಡಳಿಗೆ ಕೋಟಿಗಟ್ಟಲೆ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಫೇಲಾದ ಹುಡುಗನನ್ನು ಮಾತ್ರ ಯಾರೂ ಕೇಳುವುದಿಲ್ಲ, ಅವನದು ಓಟಿಲ್ಲ. ಅವನಿಗೆ ಓಟು ಬರುವ ಹೊತ್ತಿಗೆ ಅವನು ಬೆಂಗಳೂರಿನಲ್ಲಿ ಆರನೇ ಮಹಡಿಯ ಸೆಂಟ್ರಿಂಗ್ ಮೇಲಿರುತ್ತಾನೆ.

ನಿಮಗೆ ಇದು ಸಣ್ಣ ವಿಷಯ ಎನಿಸಬಹುದು. ದೊಡ್ಡವರ ಚುನಾವಣೆಯೇ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. 2016ರಲ್ಲಿ ನಡೆದ ಜಿಲ್ಲಾ, ತಾಲ್ಲೂಕು ಪಂಚಾಯತಿ ಚುನಾವಣೆಯ ಅವಧಿ 2021ಕ್ಕೆ ಮುಗಿದು, ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ ಬಿದ್ದವು. ಇದ್ದ ಓಟನ್ನೇ ಹಾಕಿಸದವರ ಹತ್ತಿರ ಹೊಸ ಓಟು ಕೇಳುತ್ತೀಯಲ್ಲ ಮಾಸ್ತರ ಎಂದು ನಮ್ಮ ಹೆಡ್‌ಮಾಸ್ತರು ಅಂದರು. ಅದಕ್ಕೂ ಉತ್ತರ ಗೊತ್ತಾಗಲಿಲ್ಲ, ಚಹಾ ಕುಡಿದೆವು.

ಹತ್ತೊಂಬತ್ತು ಮಂದಿಯಲ್ಲಿ ಒಬ್ಬರಾದರೂ ಖಾಸಗಿ ಮಸೂದೆಯಾಗಿಯಾದರೂ ಇದನ್ನು ವಿಧಾನಸೌಧದಲ್ಲಿ ಮಂಡಿಸಿ. ಬಿದ್ದುಹೋದರೆ ಹೋಗಲಿ, ಕಡತದಲ್ಲಿ ಇರುತ್ತದೆ. ಕೆಂಪು ರಟ್ಟಿನ ಪುಸ್ತಕದಲ್ಲಿ ನಮ್ಮ ಹುಡುಗಿಯರ ಮಾತು ಇದೆಯಲ್ಲ, ಹಾಗೆ. ಅದಕ್ಕೆ ಮುಂಚೆ ನಿಮ್ಮ ಕ್ಷೇತ್ರದ ಯಾವುದಾದರೂ ಒಂದು ಊರಿನ ಮಕ್ಕಳ ಗ್ರಾಮಸಭೆಗೆ, ಹೇಳದೆ ಕೇಳದೆ, ಹಿಂಬಾಲಕರನ್ನು ಬಿಟ್ಟು ಬಂದು ಕೂರಿ. ನಮ್ಮಲ್ಲಿಗೇ ಬರುವುದಾದರೆ ಕುರ್ಚಿಗೆ ತೊಂದರೆಯಿಲ್ಲ, ಬಿಸ್ಕಿಟ್ಟೂ ಸಿಗುತ್ತದೆ. ತಂಗಿ ಈಗ ಹತ್ತನೇ ಕ್ಲಾಸು, ಈ ಸಲವೂ ಎದ್ದು ನಿಲ್ಲುತ್ತಾಳಂತೆ. ಮೋಟರ್ ಇನ್ನೂ ರಿಪೇರಿ ಆಗಿಲ್ಲ, ನೀರಿನ ಬಾಟಲಿ ನೀವೇ ತರಬೇಕು.

ನಿಮ್ಮ ಭಾಗದ ಒಬ್ಬ ಮಾಸ್ತರ,
ಯಾದಗಿರಿ ಜಿಲ್ಲೆ